ಥಾಯ್ಲೆಂಡ್–ಕಾಂಬೋಡಿಯಾ ಗಡಿ ವಿವಾದ: ಫ್ರೆಂಚರು ಬರೆದ ನಕ್ಷೆಯ ಕಥೆ

2025ರ ಜುಲೈ 24ರಿಂದ ಐದು ದಿನ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಸೈನ್ಯಗಳು ಕಾದಾಡಿದವು. ಹತ್ತಾರು ಜನರು ಪ್ರಾಣ ಕಳೆದುಕೊಂಡರು, ಲಕ್ಷಾಂತರ ಮಂದಿ ಊರು ಬಿಟ್ಟರು. ಮಲೇಷ್ಯಾದಲ್ಲಿ ಕದನ ವಿರಾಮಕ್ಕೆ ಒಪ್ಪಿಗೆಯಾಯಿತು. ಡಿಸೆಂಬರಿನಲ್ಲಿ ಮತ್ತೆ ಕಾಳಗ ನಡೆದು, 27ರಂದು ಮತ್ತೆ ವಿರಾಮ ಘೋಷಣೆಯಾಯಿತು. ಎರಡೂ ಬೌದ್ಧರ ನಾಡು. ವಿವಾದದ ಕೇಂದ್ರವಾಗಿ ಬೆಳೆದದ್ದು ಡಾಂಗ್ರೆಕ್ ಬೆಟ್ಟದ ಅಂಚಿನಲ್ಲಿರುವ ಪ್ರೇಹ್ ವಿಹಾರ್ ಎಂಬ ಪುರಾತನ ಶಿವ ದೇವಾಲಯ.

ಈ ಜಗಳವನ್ನು ಅರ್ಥಮಾಡಿಕೊಳ್ಳಲು ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಆಗ ಕಾಂಬೋಡಿಯಾ ಫ್ರೆಂಚರ ಅಧೀನದಲ್ಲಿತ್ತು. ಥಾಯ್ಲೆಂಡಿಗೆ ಸಯಾಮ್ ಎಂಬ ಹೆಸರು. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕಿನವರೆಗೂ ನುಗ್ಗಿ, ಮೆಕಾಂಗ್ ನದಿಯ ಆಚೆ ದಡದ ಪ್ರದೇಶವನ್ನು ಸಯಾಮಿನಿಂದ ಕಿತ್ತುಕೊಂಡಿದ್ದವು. (ಸಯಾಮೂ ಮುಗ್ಧವೇನಲ್ಲ. ಖ್ಮೇರ್ ಜನರ ಬಟ್ಟಂಬಾಂಗ್, ಸಿಯೆಮ್ ರೀಪ್ ಪ್ರಾಂತ್ಯಗಳು 1907ರವರೆಗೂ ಅದರ ವಶದಲ್ಲಿದ್ದವು.)

1904ರ ಒಪ್ಪಂದದ ಪ್ರಕಾರ ಬೆಟ್ಟದ ನೀರು ಇಬ್ಭಾಗವಾಗಿ ಹರಿಯುವ ಏಣಿನ ಸಾಲೇ ಗಡಿ. ಆದರೆ ನಕ್ಷೆ ಬಿಡಿಸುವ ಸಾಧನ ಸಯಾಮಿನಲ್ಲಿರಲಿಲ್ಲ. ಆ ಕೆಲಸವನ್ನು ಫ್ರೆಂಚ್ ಅಧಿಕಾರಿಗಳಿಗೇ ವಹಿಸಿತು. ಪ್ಯಾರಿಸಿನಲ್ಲಿ ಅಚ್ಚಾಗಿ ಬಂದ ನಕ್ಷೆಯಲ್ಲಿ ಗಡಿ ಆ ಏಣನ್ನು ಬಿಟ್ಟು ಸರಿದಿತ್ತು, ದೇವಾಲಯ ಕಾಂಬೋಡಿಯಾದ ಪಾಲಾಗಿತ್ತು. ಸಯಾಮಿನ ರಾಜಕುಮಾರ ಡಾಮ್ರಾಂಗ್ ತಕರಾರು ಎತ್ತಲಿಲ್ಲ. ಫ್ರೆಂಚರಿಗೆ ಧನ್ಯವಾದ ಹೇಳಿ, ಪ್ರಾಂತ್ಯಾಧಿಕಾರಿಗಳಿಗೆ ಕೊಡಲು ಇನ್ನೂ 15 ಪ್ರತಿ ಕೇಳಿದರು! 1930ರಲ್ಲಿ ಅವರು ದೇವಾಲಯಕ್ಕೆ ಹೋದಾಗ ಸ್ವಾಗತಿಸಿದ್ದು ಫ್ರೆಂಚ್ ಅಧಿಕಾರಿ, ಹಾರುತ್ತಿದ್ದುದು ಫ್ರೆಂಚ್ ಬಾವುಟ. ಆಗಲೂ ಆಕ್ಷೇಪಣೆ ಬರಲಿಲ್ಲ.

ಕಾಂಬೋಡಿಯಾ ಸ್ವತಂತ್ರವಾದ ಮೇಲೆ, 1954ರಲ್ಲಿ, ಥಾಯ್ ಪಡೆಗಳು ದೇವಾಲಯವನ್ನು ಆಕ್ರಮಿಸಿದವು. ಮೊಕದ್ದಮೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1962ರಲ್ಲಿ 9-3ರ ಬಹುಮತದಿಂದ ತೀರ್ಪು ಬಂತು: ಇಷ್ಟು ವರ್ಷ ಸುಮ್ಮನಿದ್ದುದೇ ಒಪ್ಪಿಗೆ, ದೇವಾಲಯ ಕಾಂಬೋಡಿಯಾದ್ದು. ಡಾಮ್ರಾಂಗರ ಮಗಳು ಬೇರೆಯೇ ಕಾರಣ ಕೊಟ್ಟಿದ್ದರು: ಪ್ರತಿಭಟಿಸಿದ್ದರೆ ಇನ್ನಷ್ಟು ನೆಲ ಕಬಳಿಸಲು ಫ್ರೆಂಚರಿಗೆ ನೆಪ ಸಿಗುತ್ತಿತ್ತು. 1893ರ ಯುದ್ಧನೌಕೆಗಳನ್ನು ನೆನೆದರೆ ಆ ಭಯ ಸುಳ್ಳೆನ್ನಲಾಗದು. ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಗಂಟು ಇಲ್ಲಿದೆ. ಒಂದು ದೇಶ ಭಯದಿಂದ ಸುಮ್ಮನಿತ್ತು, ಇನ್ನೊಂದು ದೇಶದ ಜನರನ್ನು ಯಾರೂ ಕೇಳಲೇ ಇಲ್ಲ. ಇಬ್ಬರೂ ಆ ನಕ್ಷೆಗೆ ಈಗ ಲೆಕ್ಕ ಕೊಡಬೇಕಾಗಿದೆ.

2008ರಲ್ಲಿ ದೇವಾಲಯ ಯುನೆಸ್ಕೋ ಪಟ್ಟಿ ಸೇರಿದಾಗ ಹಳೆಯ ಕಿಚ್ಚು ಮತ್ತೆ ಹೊತ್ತಿತು. 2011ರಲ್ಲಿ ಫಿರಂಗಿಗಳು ಗರ್ಜಿಸಿದವು. 2013ರಲ್ಲಿ ನ್ಯಾಯಾಲಯ ದೇವಾಲಯವಿರುವ ಬೆಟ್ಟದ ಚಾಚೂ ಕಾಂಬೋಡಿಯಾದ್ದೇ ಎಂದಿತು. ಆದರೆ ಸುಮಾರು 800 ಕಿ.ಮೀ. ಗಡಿಯ ಬೇರೆ ಕಡೆಗಳ ತಕರಾರು ಹಾಗೆಯೇ ಉಳಿಯಿತು. 2025ರ ಜುಲೈಯ ಗುಂಡಿನ ಚಕಮಕಿ ಶುರುವಾದದ್ದು ಇನ್ನೊಂದು ದೇವಾಲಯದ ಬಳಿ, ತಾ ಮುಯೆನ್ ಥಾಮ್‌ನಲ್ಲಿ. ಮತ್ತೆ ನ್ಯಾಯಾಲಯಕ್ಕೆ ಹೋಗೋಣ ಎಂದಿತು ಕಾಂಬೋಡಿಯಾ. ಅದರ ಅಧಿಕಾರವನ್ನೇ ಒಪ್ಪುವುದಿಲ್ಲ ಎಂದಿತು ಥಾಯ್ಲೆಂಡ್.

ಕಾಂಬೋಡಿಯಾ ಹಿಡಿದುಕೊಂಡಿರುವ ಫ್ರೆಂಚ್ ನಕ್ಷೆಯ ಪ್ರಮಾಣ ಎರಡು ಲಕ್ಷಕ್ಕೆ ಒಂದು. ಅದರಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ಎಳೆದರೆ, ನೆಲದ ಮೇಲೆ ಅದು 200 ಮೀಟರ್ ಅಗಲವಾಗುತ್ತದೆ. ಒಬ್ಬ ರೈತನ ಗದ್ದೆ, ಮನೆ, ಬಾವಿ ಎಲ್ಲವೂ ಆ ಗೆರೆಯೊಳಗೇ ಬಂದುಬಿಡುತ್ತವೆ.