ಕೊನೆಯ ಸಲ ಕುಡಿದದ್ದು ಯಾವಾಗ?

ಔರಾದ್ ತಾಲ್ಲೂಕಿನ ಚಿಂತಾಕಿ ಕಡೆಯ ರೈತನೊಬ್ಬ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು ಬೀದರ್‌ನ ದೊಡ್ಡ ದವಾಖಾನೆಗೆ ಬಂದ ಎಂದುಕೊಳ್ಳಿ. ಎಕ್ಸ್‌ರೇ ಆಯಿತು, ಪಟ್ಟಿ ಬಿತ್ತು, ಹಾಸಿಗೆ ಸಿಕ್ಕಿತು. ಮೊದಲ ದಿನ ಸರಿಯಾಗಿಯೇ ಇದ್ದ. ಎರಡನೆಯ ದಿನ ಕೈ ನಡುಗತೊಡಗಿತು, ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆ ಹರಿದಾಡುತ್ತಿವೆ ಎಂದು ಕೂಗಿದ, ಸಲೈನ್ ಸೂಜಿ ಕಿತ್ತೊಗೆದ, ಹೊಲಕ್ಕೆ ನೀರು ಬಿಡಬೇಕು ಎನ್ನುತ್ತ ಮುರಿದ ಕಾಲಿನಲ್ಲೇ ಎದ್ದ. ಗಾಳಿ ಸೋಕಿದೆ ಎಂದರು ಮನೆಯವರು. ಕಟ್ಟಿಹಾಕಿ ಎಂದರು ಪಕ್ಕದ ಹಾಸಿಗೆಯವರು. ನಡೆದದ್ದು ಇಷ್ಟೆ. ದಿನವೂ ಕುಡಿಯುತ್ತಿದ್ದವನಿಗೆ ಮೂರು ದಿನದಿಂದ ಕುಡಿತ ಸಿಕ್ಕಿರಲಿಲ್ಲ. ಬಂದ ದಿನವೇ ಯಾರಾದರೂ ‘ಕೊನೆಯ ಸಲ ಕುಡಿದದ್ದು ಯಾವಾಗ?’ ಎಂದು ಕೇಳಿದ್ದರೆ ಆ ರಾತ್ರಿಯನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು.

ಆ ಪ್ರಶ್ನೆ ಕೇಳಬೇಕಾದವರು ಯಾರು? ವೈದ್ಯರು ಬೆಳಿಗ್ಗೆ ಬಂದು ಮುರಿದ ಎಲುಬು ನೋಡಿ ಹೋಗುತ್ತಾರೆ. ರೋಗಿಯ ಬಳಿ ಹಗಲು ರಾತ್ರಿ ಇರುವವರು ಶುಶ್ರೂಷಕಿಯರು. ನಡುಗುವ ಕೈಗೆ ಮೊದಲು ಮಾತ್ರೆ ಕೊಡುವವರು, ಬೆವರಿದ ಹಣೆಯನ್ನು ಮೊದಲು ಮುಟ್ಟುವವರು ಅವರೇ. ಚಟದ ರೋಗವನ್ನು ಗುರುತಿಸುವ ಮತ್ತು ನಿಭಾಯಿಸುವ ಕೆಲಸದ ದೊಡ್ಡ ಪಾಲು ಅವರದು. ನಮ್ಮ ವ್ಯವಸ್ಥೆ ಇದನ್ನು ಇನ್ನೂ ಒಪ್ಪಿಕೊಂಡಂತಿಲ್ಲ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರ ಪೈಕಿ ಮದ್ಯವಿಲ್ಲದೆ ಇರಲಾರದ ಸ್ಥಿತಿ ತಲುಪಿದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರು ಆಸ್ಪತ್ರೆಗೆ ಬರುವುದೇ ಇಲ್ಲವೇ? ಬರುತ್ತಾರೆ. ಕಾಮಾಲೆ ಎಂದು ಬರುತ್ತಾರೆ, ಹೊಟ್ಟೆನೋವು ಎಂದು ಬರುತ್ತಾರೆ, ಕ್ಷಯ ಎಂದು, ಬೈಕಿನಿಂದ ಬಿದ್ದೆ ಎಂದು ಬರುತ್ತಾರೆ. ಬಂದ ಕಾಯಿಲೆಗೆ ಔಷಧ ಪಡೆದು, ಅದರ ಬೇರನ್ನು ಹಾಗೆಯೇ ಮನೆಗೆ ಒಯ್ಯುತ್ತಾರೆ. ಬೀದರ್, ಭಾಲ್ಕಿ, ಔರಾದ್‌ಗಳ ಸಾಮಾನ್ಯ ವಾರ್ಡುಗಳೇ ಈ ಜಿಲ್ಲೆಯ ನಿಜವಾದ ವ್ಯಸನ ಚಿಕಿತ್ಸಾ ಕೇಂದ್ರಗಳು ಎನ್ನುವುದು ಇದಕ್ಕೇ.

ಕೇಳುವುದಕ್ಕೂ ಒಂದು ಕ್ರಮವಿದೆ. ‘ಕುಡೀತೀಯೇನು?’ ಎಂದರೆ ‘ಇಲ್ಲರೀ ಸಿಸ್ಟರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಹಬ್ಬಹರಿದಿನಕ್ಕೆ ಸ್ವಲ್ಪ’ ಎಂಬುದು ಎರಡನೆಯ ಉತ್ತರ. ಬಲ್ಲ ಶುಶ್ರೂಷಕಿ ಊಟ, ನಿದ್ದೆಯ ವಿಚಾರದಿಂದ ಶುರುಮಾಡಿ, ಹೆಂಡತಿ ಮಕ್ಕಳನ್ನು ತುಸು ಹೊರಗೆ ಕಳಿಸಿ, ಎಲ್ಲರಿಗೂ ಕೇಳುವ ಪ್ರಶ್ನೆಯೆಂಬಂತೆ ಕೇಳುತ್ತಾರೆ: ವಾರಕ್ಕೆ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ? ‘ಒಂದು ನೈಂಟಿ’ ಎಂದರೆ ಅದು 90 ಮಿಲಿಲೀಟರ್. ಮದ್ಯವನ್ನು ಅಳೆಯುವ ಲೆಕ್ಕದಲ್ಲಿ 10 ಗ್ರಾಂ ಶುದ್ಧ ಆಲ್ಕೊಹಾಲ್‌ಗೆ ಒಂದು ಅಳತೆಯಂತೆ ಮೂರು ಅಳತೆ. ಕ್ವಾರ್ಟರ್ ಎಂದರೆ ಆರು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 40. ಎಂಟು ಮುಟ್ಟಿದರೆ ಕುಡಿತ ಅಪಾಯದ ಕಡೆ ಹೊರಟಿದೆ ಎಂದರ್ಥ. 20 ಮುಟ್ಟಿದರೆ ಪರಿಣತರ ಕೈಗೆ ಒಪ್ಪಿಸಬೇಕು. ಇದಕ್ಕೆ ಯಂತ್ರ ಬೇಕಿಲ್ಲ, ರಕ್ತಪರೀಕ್ಷೆ ಬೇಕಿಲ್ಲ. ಐದು ನಿಮಿಷದ ಪುರಸೊತ್ತು ಮತ್ತು ಮುಖದಲ್ಲಿ ತಾತ್ಸಾರವಿಲ್ಲದಿರುವುದು, ಇವೆರಡು ಸಾಕು.

ಇನ್ನು ಕುಡಿತ ನಿಂತ ಮೇಲಿನ ಕಾವಲು. ಕೊನೆಯ ಗುಟುಕಿನ ಆರೇಳು ಗಂಟೆಗೆ ನಡುಕ, ಬೆವರು, ಓಕರಿಕೆ ತಲೆಯೆತ್ತುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಕಾಣಿಸಿಕೊಳ್ಳಬಹುದು; ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣವನ್ನೇ ತೆಗೆದೀತು. ಈ ತೀವ್ರತೆಯನ್ನು ಅಳೆಯಲು 1989ರಲ್ಲಿ ಪರಿಷ್ಕರಿಸಿದ ‘ಸೀವಾ’ ಎಂಬ ಪಟ್ಟಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಹತ್ತು ಅಂಶ, ಒಟ್ಟು 67 ಅಂಕ. ರೋಗಿಗೆ ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳುತ್ತಾರೆ. ನಡುಕ ಕಣ್ಣಿಗೆ ಕಾಣದಿದ್ದರೂ ಬೆರಳ ತುದಿಗೆ ಬೆರಳ ತುದಿ ಇಟ್ಟರೆ ತಿಳಿಯುತ್ತದೆ. ಅಂಗೈ ಒದ್ದೆಯೇ, ಹಣೆಯಲ್ಲಿ ಬೆವರ ಹನಿಯೇ, ಮೈತುಂಬ ಬೆವರೇ ಎಂದು ನೋಡುತ್ತಾರೆ. ಮೈಮೇಲೆ ಏನಾದರೂ ಹರಿದಂತಾಗುತ್ತದೆಯೇ, ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ ಎಂದು ಕೇಳುತ್ತಾರೆ. ಒಟ್ಟು 15 ದಾಟಿತೆಂದರೆ ವೈದ್ಯರನ್ನು ಎಬ್ಬಿಸಲೇಬೇಕು. ಕೆಲವೇ ಗಂಟೆಗಳಿಗೊಮ್ಮೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಆ ಅಂಕ ನೋಡಿಯೇ ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಪ್ರಮಾಣ ಏರುತ್ತದೆ, ಇಳಿಯುತ್ತದೆ.

ಆ ಪಟ್ಟಿಯ ಒಂದು ಅಂಶ ರೋಗಿಗೆ ದಿನಾಂಕ ಗೊತ್ತಿದೆಯೇ ಎಂಬುದು. ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ನೆಟ್ಟಗಿದ್ದಾಗಲೂ ತಾರೀಖು ಗೊತ್ತಿರುವುದಿಲ್ಲ. ಅಮಾವಾಸ್ಯೆ ಹೋಗಿ ಎಷ್ಟು ದಿನವಾಯಿತು, ನಿಮ್ಮೂರ ಸಂತೆ ಯಾವ ವಾರ ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ. ಕನ್ನಡ, ಮರಾಠಿ, ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಎಲ್ಲ ಬೆರೆತ ಈ ಗಡಿಯಲ್ಲಿ ಪುಸ್ತಕದ ಪ್ರಶ್ನೆಯನ್ನು ಊರಿನ ಪ್ರಶ್ನೆಯಾಗಿ ಮಾಡಬಲ್ಲವರು ಇಲ್ಲಿಯೇ ಹುಟ್ಟಿ ಬೆಳೆದ ಶುಶ್ರೂಷಕಿಯರು. ಆ ತಿಳಿವಳಿಕೆಯನ್ನು ಯಾವ ತರಬೇತಿಯೂ ಹೊರಗಿನಿಂದ ತಂದುಕೊಡಲಾರದು.

ಸಲೈನ್ ಹಚ್ಚುವಾಗಲೂ ಎಚ್ಚರ ಬೇಕು. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ದೇಹದಲ್ಲಿ ಥಯಾಮಿನ್, ಅಂದರೆ ಬಿ-1 ಜೀವಸತ್ವ, ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣಗುಡ್ಡೆ ತಿರುಗದೆ, ನಡಿಗೆ ತಪ್ಪಿ, ಬುದ್ಧಿ ಮಸುಕಾಗುವ ಈ ಸ್ಥಿತಿಯನ್ನು ಕಾರ್ಲ್ ವೆರ್ನಿಕೆ 1881ರಲ್ಲೇ ವಿವರಿಸಿದ್ದ. ‘ಸುಸ್ತಾಗಿದೆ, ಒಂದು ಬಾಟಲಿ ಹಚ್ಚಿ’ ಎನ್ನುವುದು ನಮ್ಮ ಹಳ್ಳಿಗಳ ರೂಢಿ. ಹಾಗಾಗಿ ಥಯಾಮಿನ್ ಆಯಿತೇ ಎಂದು ಕೇಳುವ ಒಬ್ಬ ಶುಶ್ರೂಷಕಿಯಿಂದ ಒಂದು ಬಾಳು ಉಳಿದೀತು.

ಈ ಸೀಮೆಗೇ ವಿಶೇಷವಾದ ಇನ್ನೊಂದು ಪ್ರಶ್ನೆಯಿದೆ: ಕುಡಿದದ್ದು ಏನು, ಎಲ್ಲಿಯದು? 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಈಗ ತೆಲಂಗಾಣದಲ್ಲಿರುವ ನಾರಾಯಣಖೇಡ, ಜಹೀರಾಬಾದ್ ಕಡೆಗೆ ನೆಂಟಸ್ತಿಕೆ, ಸಂತೆ, ಕೂಲಿ ಇಂದಿಗೂ ನಡೆದಿವೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ತೆಲಂಗಾಣದಲ್ಲಿ ಸೇಂದಿ ಅಂಗಡಿಗಳಿಗೆ ಕಾನೂನಿನ ಪರವಾನಗಿಯಿದೆ. ಮರದಿಂದ ಇಳಿದ ಸೇಂದಿಯ ಮಾತು ಬೇರೆ; ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್‌ಪ್ರಜೋಲಾಮ್ ಬೆರೆಸಿದ ಸೇಂದಿಯ ಮಾತು ಬೇರೆ. 2015ರಲ್ಲಿ ಅಲ್ಲಿನ ಸರಕಾರ ಕಲಬೆರಕೆಯ ಮೇಲೆ ಬಿಗಿ ಹಿಡಿದಾಗ ನಿಜಾಮಾಬಾದ್, ಮಹಬೂಬನಗರ ಜಿಲ್ಲೆಗಳ ಆಸ್ಪತ್ರೆಗಳಿಗೆ ಫಿಟ್ಸ್, ಭ್ರಮೆ, ವಿಚಿತ್ರ ವರ್ತನೆಯ ರೋಗಿಗಳು ಸಾಲುಗಟ್ಟಿ ಬಂದರು. ತಾವು ಕುಡಿದದ್ದು ಸೇಂದಿ ಎಂದೇ ಅವರು ನಂಬಿದ್ದರು. ದೇಹ ಒಗ್ಗಿಕೊಂಡಿದ್ದದ್ದು ಅದರೊಳಗಿನ ನಿದ್ದೆಯ ಔಷಧಕ್ಕೆ. ಗಡಿ ಊರಿನ ರೋಗಿ ‘ಬರೀ ಸೇಂದಿರೀ’ ಎಂದರೆ ಶುಶ್ರೂಷಕಿ ನಿರಾಳವಾಗಬಾರದು, ಇನ್ನಷ್ಟು ಎಚ್ಚರವಾಗಬೇಕು.

ಹೆಣ್ಣುಮಕ್ಕಳ ಚಟವನ್ನಂತೂ ಯಾರೂ ಕೇಳುವುದೇ ಇಲ್ಲ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ತಂಬಾಕು ಬಳಸುತ್ತಾರೆ. ಬೀಡಿ ಸಿಗರೇಟು ಸೇದುವವರಿಗಿಂತ ಜಗಿಯುವ, ತಿಕ್ಕುವ ತಂಬಾಕಿನವರೇ ಹೆಚ್ಚು. ಮಹಾರಾಷ್ಟ್ರ ಗಡಿಯಲ್ಲಿ ಹಲ್ಲಿಗೆ ತಿಕ್ಕುವ ಮಿಸ್ರಿ ಸುಟ್ಟ ತಂಬಾಕೇ. ಬಸುರಿ ತಿಕ್ಕಿದರೆ ಕೂಸಿನ ತೂಕ ಕುಗ್ಗುವ ಅಪಾಯವಿದೆ. ‘ಅವ್ವಾ, ಬೆಳಿಗ್ಗೆ ಹಲ್ಲಿಗೆ ಏನು ತಿಕ್ಕುತ್ತಿ?’ ಎಂಬ ಪ್ರಶ್ನೆ ಗರ್ಭಿಣಿಯರ ತಪಾಸಣೆಯಲ್ಲಿ ರಕ್ತದೊತ್ತಡದಷ್ಟೇ ಮುಖ್ಯ.

ನಮ್ಮ ನಾಡಿನಲ್ಲಿ ಚಟ ಬಿಡಿಸಲು ಮಠಗಳು ಪಟ್ಟ ಶ್ರಮ ದೊಡ್ಡದು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆ ಬೇಡ, ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳನ್ನು ಉಳಿಸಿವೆ. ಈ ಸಂಕಲ್ಪಬಲವನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕು. ಹತ್ತಾರು ವರ್ಷ ದಿನವೂ ಕುಡಿದವನು ಇವತ್ತು ಆಣೆ ಮಾಡಿ ನಾಳೆಯೇ ಪೂರಾ ನಿಲ್ಲಿಸಿದರೆ ಅವನ ದೇಹ ಆ ಆಣೆಯನ್ನು ತಾಳಲಾರದು. ಹಿಂದೆ ಫಿಟ್ಸ್ ಬಂದಿದ್ದವರಿಗೆ, ಬೆಳಗಿನ ಗುಟುಕಿಲ್ಲದೆ ಕೈ ನಿಲ್ಲದವರಿಗೆ ಮೊದಲ ವಾರ ವೈದ್ಯರ ಕಣ್ಣೆದುರೇ ಕಳೆಯಬೇಕು. ಆಣೆ ಮಾಡಿಸುವ ಪ್ರತಿ ವೇದಿಕೆಯ ಪಕ್ಕದಲ್ಲಿ ಒಬ್ಬ ಶುಶ್ರೂಷಕಿ ಕುಳಿತಿರಲಿ.

ಮನೆಯವರಿಗೂ ಒಂದು ಎಚ್ಚರಿಕೆ. ಕುಡಿತ ಬಿಡಿಸುವ ಮಾತ್ರೆ, ಹೆಚ್ಚಾಗಿ ಡೈಸಲ್ಫಿರಾಮ್, ಸಾರಿನಲ್ಲಿ ಗುಟ್ಟಾಗಿ ಬೆರೆಸುವವರಿದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬಂದೀತು. ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಅದರ ಪ್ರಭಾವ ಉಳಿದಿರಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡಬೇಕಾದ ಔಷಧ ಅದು. ಮನೆಯವರನ್ನು ಕೂರಿಸಿಕೊಂಡು ಇದನ್ನು ತಿಳಿಹೇಳುವವರೂ ಶುಶ್ರೂಷಕಿಯರೇ.

ಎಲ್ಲಕ್ಕಿಂತ ಕಠಿಣವಾದದ್ದು ಮನಸ್ಸಿನ ಧೋರಣೆ. ಬಿಟ್ಟವನು ಮತ್ತೆ ಕುಡಿದು ಮೂರನೆಯ ಬಾರಿ ವಾರ್ಡಿಗೆ ಬಂದಾಗ ‘ಮತ್ತೆ ಬಂದೆಯಾ?’ ಎಂಬ ಮಾತು ಬಾಯಿಗೆ ಬರುತ್ತದೆ. ಸಕ್ಕರೆ ಕಾಯಿಲೆಯವರು ಮತ್ತೆ ಬಂದರೆ ಹಾಗೆ ಅನ್ನುವುದಿಲ್ಲ. ಚಟವೂ ಮರುಕಳಿಸುವ ಕಾಯಿಲೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ, ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಕಾನೂನಿಗಿಂತ ಬಹಳ ಮೊದಲೇ ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಮೇಲ್ಪಂಕ್ತಿಯಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ, ‘ಧರ್ಮೇಶ್ವರಲಿಂಗ’ ಅಂಕಿತದಲ್ಲಿ ವಚನ ಬರೆದವನು. ತನ್ನ ಬಳಿ ಕುಡಿಯಲು ಬಂದವರಿಗೇ ಆತ ಅರಿವು ಹೇಳುತ್ತಿದ್ದ ಎಂಬುದು ಪ್ರತೀತಿ. ದಾರಿ ತಪ್ಪಿದವರು ಎಲ್ಲಿ ಸಿಗುತ್ತಾರೋ ಅಲ್ಲೇ, ಅವಮಾನಿಸದೆ, ನಾಲ್ಕು ಮಾತಾಡುವುದು. ಹಾಸಿಗೆಯ ಪಕ್ಕದ ಇಂಥ ಚುಟುಕು ಸಮಾಲೋಚನೆಯಿಂದ ಕುಡಿತ ಇಳಿಯುತ್ತದೆ ಎಂದು ಇಂದಿನ ಸಂಶೋಧನೆಗಳೂ ತೋರಿಸಿವೆ.

ಮನೋವೈದ್ಯರು ಸಾಲುವುದಿಲ್ಲ ಎಂಬ ನೆಪ ಕರ್ನಾಟಕಕ್ಕೆ ಒಪ್ಪುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ರೋಗಿಗಳ ಆರೈಕೆ ಹಳ್ಳಿಯಲ್ಲೇ ಸಾಧ್ಯ ಎಂದು ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿಯಲ್ಲಿ ಆದದ್ದು ಬೀದರ್‌ನಲ್ಲಿ ಆಗದೇ?

ಆಗಬೇಕಾದದ್ದು ಮೂರೇ ಕೆಲಸ. ಜಿಲ್ಲೆಯ ಪ್ರತಿ ಆಸ್ಪತ್ರೆಯ ದಾಖಲಾತಿ ಹಾಳೆಯಲ್ಲಿ ‘ಏನು, ಎಷ್ಟು, ಕೊನೆಯ ಸಲ ಯಾವಾಗ’ ಎಂಬ ಸಾಲು ಕಡ್ಡಾಯವಾಗಿ ಇರಲಿ. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಮನೋವೈದ್ಯ ವಿಭಾಗ ಭಾಲ್ಕಿ, ಔರಾದ್‌ಗಳ ಶುಶ್ರೂಷಕಿಯರನ್ನು ಸರದಿಯಂತೆ ಕರೆಸಿ ತರಬೇತಿ ಕೊಡಲಿ. ಅಂಕ ಏರಿದಾಗ ರಾತ್ರಿ ಎಷ್ಟು ಗಂಟೆಗಾದರೂ ವೈದ್ಯರನ್ನು ಕರೆಯುವ ಅಧಿಕಾರ ಅವರಿಗೆ ಲಿಖಿತವಾಗಿ ಸಿಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ.

ಓದುಗರಿಗೆ ಒಂದು ವಿನಂತಿ. ನಿಮ್ಮವರನ್ನು ಯಾವುದೇ ಕಾಯಿಲೆಗೆ ಆಸ್ಪತ್ರೆಗೆ ಸೇರಿಸುವಾಗ ಅವರ ಕುಡಿತ, ಸೇಂದಿ, ಗುಟ್ಕಾ, ನಿದ್ದೆಮಾತ್ರೆಯ ವಿಷಯ ಮುಚ್ಚಿಡಬೇಡಿ. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟ ಮಾತಿನಿಂದ ಮೂರನೆಯ ರಾತ್ರಿ ಜೀವ ಹೋದೀತು. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ‘ಟೆಲಿ ಮಾನಸ್’ನ 14416ಕ್ಕೆ ಕರೆ ಮಾಡಿ, ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.