ಸಾರಿನ ಬಕೆಟ್ಟು ಮತ್ತು ನಮ್ಮ ಕರುಣೆ

ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರನ್ನು ಯಾರೂ ನೇಮಿಸುವುದಿಲ್ಲ. ಚುರುಕಿನ ಹುಡುಗರು ಸೊಂಟಕ್ಕೆ ಟವೆಲ್ ಬಿಗಿದು ತಾವೇ ನುಗ್ಗುತ್ತಾರೆ. ಆದರೆ ಕೈ ಮೇಲೆ ತೊನ್ನು ಇರುವ ಹುಡುಗ ಸಾರಿನ ಬಕೆಟ್ಟಿಗೆ ಕೈ ಹಾಕಿದ ಅನ್ನಿ, ಹಿರಿಯರೊಬ್ಬರು ಓಡಿ ಬರುತ್ತಾರೆ. ‘ಬಿಡಪ್ಪಾ, ನಿನಗ್ಯಾಕೆ ಶ್ರಮ, ನೀನು ಕೂತು ಊಟ ಮಾಡು.’ ಬೈಗುಳವಿಲ್ಲ, ಮುಖ ಸಿಂಡರಿಸಿದ್ದೂ ಇಲ್ಲ. ನನ್ನ ತಕರಾರು ಈ ಕರುಣೆಯ ಮೇಲೇ.

ತೊನ್ನು ಅಂಟುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ತಿಳಿದು ನಾಶಮಾಡುವುದರಿಂದ ಬರುವ ಬಿಳುಪು ಅದು. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಮೀನು ತಿಂದು ಹಾಲು ಕುಡಿದರೂ ಬರುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ‘ಬಿಳಿ ಕುಷ್ಠ’ ಎಂಬ ಹೆಸರಿಟ್ಟು ಎರಡರ ಭಯವನ್ನೂ ಒಬ್ಬರ ತಲೆಗೇ ಕಟ್ಟಿದ್ದೇವೆ. ಆ ಕುಷ್ಠವಾದರೂ ಔಷಧಿಯಿಂದ ಪೂರ್ತಿ ಗುಣವಾಗುತ್ತದೆ. ಹಾಗಿದ್ದೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ಕೂತಿತ್ತು. ಸಂಸತ್ತು ಅದನ್ನು ಅಳಿಸಿತು. ಮದುವೆ ಬ್ರೋಕರುಗಳ ಡೈರಿಯಿಂದ ಅಳಿಸುವ ಕಾಯ್ದೆ ಇನ್ನೂ ಬಂದಿಲ್ಲ.

ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ನಾವು ದೂರ ಇಡುತ್ತೇವೆ, ನಯವಾಗಿ. ಅಂಗಡಿಯವನು ಚಿಲ್ಲರೆಯನ್ನು ಅಂಗೈಗೆ ಹಾಕದೆ ಮೇಜಿನ ಮೇಲಿಟ್ಟು ಮೆಲ್ಲಗೆ ತಳ್ಳುತ್ತಾನೆ. ಮುಟ್ಟದೆ ವ್ಯವಹರಿಸುವ ಈ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಜಾತಿ ಅದನ್ನು ತಲೆಮಾರುಗಳಿಂದ ಅಭ್ಯಾಸ ಮಾಡಿಸಿದೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಹೆಸರು ಕೇಳುವ ಮೊದಲೇ ‘ಬಾವಂಚಿ ಬೀಜ ಅರೆದು ಹಚ್ಚಮ್ಮ’ ಎನ್ನುತ್ತಾರೆ. (ಬಾವಂಚಿಯಲ್ಲಿ ಔಷಧಿಯ ಗುಣವಿರುವುದು ನಿಜ. ಅಳತೆ ತಿಳಿಯದೆ ಹಚ್ಚಿ ಬಿಸಿಲಿಗೆ ಹೋದರೆ ಮೈ ಸುಟ್ಟು ಬೊಬ್ಬೆ ಏಳುವುದೂ ನಿಜ.) ಪ್ರತಿ ಸಲಹೆಯೂ ಆಕೆಗೆ ಹೇಳುವುದು ಒಂದೇ: ನಿನ್ನಲ್ಲಿ ನನಗೆ ಮೊದಲು ಕಂಡಿದ್ದು ಇದು.

ಹೀಗೆ ದಿನಕ್ಕೆ ನಾಲ್ಕು ಸಲ ‘ಪಾಪ’ ಅನ್ನಿಸಿಕೊಂಡವರು ಮೇ ತಿಂಗಳ ಬಿಸಿಲಲ್ಲೂ ತುಂಬುತೋಳು ಬಿಚ್ಚುವುದಿಲ್ಲ. ಗುಂಪು ಫೋಟೋದಲ್ಲಿ ಅಂಚಿಗೆ ಸರಿಯುತ್ತಾರೆ. ಗಿರಾಕಿಗಳ ಎದುರು ನಿಲ್ಲುವ ಕೆಲಸಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಆಗ ನಾವು ಅವರಿಗೆ ಆತ್ಮವಿಶ್ವಾಸದ ಉಪನ್ಯಾಸ ಕೊಡುತ್ತೇವೆ, ಅಂತರಂಗದ ಸೌಂದರ್ಯ ಇತ್ಯಾದಿ. ಅಂಗೈಗೆ ಬಿದ್ದ ಐದು ರೂಪಾಯಿ ನಾಣ್ಯ ಆ ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಉಪ್ಪು ಕಡಿಮೆ ಎಂದು ಬೇರೆಯವರ ಹಾಗೇ ಅವರ ಜೊತೆಗೂ ಜಗಳವಾಡುವ ಗೆಳೆಯರಿದ್ದಾರಲ್ಲ, ಅಂಥವರ ನಡುವೆ ತೋಳು ತಾನಾಗಿ ಮಡಚಿಕೊಳ್ಳುತ್ತದೆ. ಒಪ್ಪಿಕೊಳ್ಳುವುದೆಂದರೆ ಇಷ್ಟು ಸಣ್ಣದು. ಬಹುಶಃ ಅದಕ್ಕೇ ನಮಗೆ ಕಷ್ಟ, ಅದರಲ್ಲಿ ದೊಡ್ಡಮನುಷ್ಯರಾಗಿ ಕಾಣುವ ಅವಕಾಶವಿಲ್ಲ.

ನಮ್ಮ ಕರುಣೆಯ ಅಸಲಿ ಪರೀಕ್ಷೆ ಮನೆಯ ತಂಗಿಗೆ ಸಂಬಂಧ ಬಂದಾಗ. ತೊನ್ನು ಇರುವುದು ಅಕ್ಕನಿಗೆ. ಹುಡುಗನ ಕಡೆಯವರು ಉಪ್ಪಿಟ್ಟು ಕಾಫಿ ಮುಗಿಸಿ, ಅಕ್ಕನನ್ನೂ ಪ್ರೀತಿಯಿಂದ ಮಾತಾಡಿಸಿ ಹೋಗಿರುತ್ತಾರೆ. ನಾಲ್ಕು ದಿನ ಬಿಟ್ಟು ಫೋನ್ ಬರುತ್ತದೆ: ‘ನಮಗೇನೂ ಇಲ್ಲ ರೀ, ಜಾತಕ ಕೂಡಿಬರಲಿಲ್ಲ.’