ಕೆಜಿಎಫ್ ಛಾವಣಿಗಳು: ಮರ ಗಟ್ಟಿ, ಮೊಳೆ ಎಷ್ಟು ಗಟ್ಟಿ?

ಕೆಜಿಎಫ್: ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಗಣಿ ಮುಚ್ಚಿದರೂ ಊರು ಮುಚ್ಚಲಿಲ್ಲ. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್ ಸುತ್ತ ಮಾಜಿ ಕಾರ್ಮಿಕರ ಕುಟುಂಬಗಳು ಉಳಿದವು. ಬ್ರಿಟಿಷರ ಕಾಲದ ಬಂಗಲೆಗಳೂ ಉಳಿದವು.

ಸಯನೈಡ್ ದಿಬ್ಬಗಳ ಮರುಸಂಸ್ಕರಣೆಗೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ದಿಬ್ಬದಲ್ಲಿರುವ ಚಿನ್ನದ ಲೆಕ್ಕ ನಡೆದಿದೆ. ತಲೆಯ ಮೇಲಿರುವ ಹಳೆಯ ಮರದ ಛಾವಣಿಯ ಲೆಕ್ಕವೂ ಅಷ್ಟೇ ಮುಖ್ಯ.

ಸಾಮಾನ್ಯವಾಗಿ ಇಂತಹ ಛಾವಣಿಯನ್ನು ತೊಲೆ ನೋಡಿ ಅಳೆಯಲಾಗುತ್ತದೆ. ಗೆದ್ದಲು ಹಿಡಿಯದಿದ್ದರೆ ಭದ್ರ ಎಂಬ ನಂಬಿಕೆ. ಆದರೆ ಮರದ ಕಟ್ಟಡ ಬಹಳಷ್ಟು ವೇಳೆ ಸೋಲುವುದು ತೊಲೆಯ ನಡುವೆ ಅಲ್ಲ, ಕೀಲಿನಲ್ಲಿ.

ಕೀಲಿನ ಬಲ

ಡೆನ್ಮಾರ್ಕಿನ ತಜ್ಞ ಜೊಹಾನ್ಸೆನ್ 1949ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಅಡ್ಡ ಹೊರೆ ಹೊರುವ ಕೀಲಿನ ಬಲವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಲೋಹ ಬಾಗದೆ ನಿಲ್ಲುವ ಶಕ್ತಿ, ಮರ ಜಜ್ಜಿಹೋಗದೆ ತಡೆಯುವ ಶಕ್ತಿ ಮತ್ತು ಮರದ ದಪ್ಪ. ಯುರೋಪಿನ ಇಂದಿನ ಸಂಹಿತೆಗೂ ಇದೇ ತಳಹದಿ. ಭಾರತದಲ್ಲಿ ಮೊಳೆ ಕೀಲಿಗೆ ಐ.ಎಸ್. 2366, ಬೋಲ್ಟ್ ಕೀಲಿಗೆ ಐ.ಎಸ್. 11096 ಎಂಬ ಪ್ರತ್ಯೇಕ ಸಂಹಿತೆಗಳಿವೆ.

ಮೊಳೆ ಅಡ್ಡ ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಮೇಲಕ್ಕೆ ಕೀಳುವ ಎಳೆತಕ್ಕೆ ಬೇಗ ಸೋಲುತ್ತದೆ. ಮರದ ತುದಿಯಲ್ಲಿ ಎಳೆಯ ದಿಕ್ಕಿಗೇ ಬಡಿದ ಮೊಳೆಯ ಹಿಡಿತ ಇನ್ನೂ ಕಡಿಮೆ. ಬಿರುಗಾಳಿ ತಗಡಿನ ಮಾಡನ್ನು ಮೇಲಕ್ಕೆ ಹೀರುವಾಗ ಪರೀಕ್ಷೆಗೆ ಒಳಗಾಗುವುದು ಈ ಹಿಡಿತವೇ.

ತುಕ್ಕಿನ ಲೆಕ್ಕ ಇನ್ನೂ ಕಠಿಣ. 12 ಮಿ.ಮೀ. ಬೋಲ್ಟ್ ಸುತ್ತಲೂ ಕೇವಲ 1 ಮಿ.ಮೀ. ಸವೆದರೆ 10 ಮಿ.ಮೀ. ಉಳಿಯುತ್ತದೆ. ಅಡ್ಡಕೊಯ್ತದ ವಿಸ್ತೀರ್ಣ ಶೇ 30ರಷ್ಟು, ಬಾಗುವಿಕೆ ತಡೆಯುವ ಶಕ್ತಿ ಶೇ 40ಕ್ಕೂ ಹೆಚ್ಚು ಕುಸಿಯುತ್ತದೆ. ಸೋರುವ ಮಾಡಿನ ತೇವ ಲೋಹವನ್ನು ತಿಂದರೆ, ತುಕ್ಕು ಸುತ್ತಲಿನ ಮರವನ್ನೂ ಮೆತ್ತಗಾಗಿಸುತ್ತದೆ. ಹೊರಗೆ ಕಾಣುವ ಬೋಲ್ಟಿನ ತಲೆ ಮಾತ್ರ ಗಟ್ಟಿಯಾಗಿಯೇ ಇರಬಹುದು.

ಕೆಜಿಎಫ್‌ಗೆ ಇನ್ನೊಂದು ಇತಿಹಾಸವಿದೆ. ಗಣಿ ನಡೆಯುತ್ತಿದ್ದಾಗ ಸ್ಥಳೀಯರು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದ ಬಂಡೆಸಿಡಿತಗಳು ಮೇಲಿನ ಕಟ್ಟಡಗಳನ್ನೂ ಅದುರಿಸುತ್ತಿದ್ದವು. ಮತ್ತೆ ಮತ್ತೆ ಅದುರಿದಾಗ ಮೊಳೆಯ ರಂಧ್ರ ಹಿಗ್ಗುತ್ತದೆ, ನಟ್ ಸಡಿಲವಾಗುತ್ತದೆ.

ಆಗಬೇಕಾದದ್ದು

ಪರಿಹಾರ ದುಬಾರಿಯೇನಲ್ಲ. ಪ್ರತಿ ಟ್ರಸ್‌ನಲ್ಲಿ ಒಂದೆರಡು ಬೋಲ್ಟ್ ಬಿಚ್ಚಿ ನೋಡುವುದು, ಸವೆದದ್ದನ್ನು ಸತು ಲೇಪಿತ ಬೋಲ್ಟ್ ಮತ್ತು ಅಗಲ ವಾಷರ್‌ಗಳಿಂದ ಬದಲಿಸುವುದು, ಹೊಸ ರಂಧ್ರವನ್ನು ತುದಿಯಿಂದ ಸಾಕಷ್ಟು ದೂರ ಕೊರೆಯುವುದು. ಇಲ್ಲವಾದರೆ ಮರವೇ ಸೀಳುತ್ತದೆ. ಮರವನ್ನು ಪರೀಕ್ಷಿಸಬಲ್ಲ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ.

ಆದರೆ ಬೋಲ್ಟ್ ಬದಲಿಸುವವರು ಯಾರು? ಮನೆಯ ಹಕ್ಕು ಕಾರ್ಮಿಕರ ಹಳೆಯ ಬೇಡಿಕೆ. ತನ್ನದೆಂದು ದಾಖಲೆಯಿಲ್ಲದ ಸೂರಿಗೆ ಯಾರೂ ಹಣ ಹಾಕಲಾರರು. ಹಕ್ಕಿನ ತೀರ್ಮಾನ ತಡವಾದಷ್ಟೂ ತುಕ್ಕು ಮುಂದುವರಿಯುತ್ತದೆ. ಹಸ್ತಾಂತರವಾಗಲಿ, ಮರುಬಳಕೆಯಾಗಲಿ, ಅದಕ್ಕೆ ಮೊದಲು ಕೀಲುಗಳ ಸಮೀಕ್ಷೆ ನಡೆಯಬೇಕು. ಕಡತ ಕಾಯಬಹುದು, ತುಕ್ಕು ಕಾಯುವುದಿಲ್ಲ.